ಹಂಚು ನೋಡಲು ಬರುತ್ತಿದ್ದ ಮಾಸ್ತರರು

ಊಟಕ್ಕೆ ಕೂತರೆ ಅವರ ಕಣ್ಣು ತಾಟಿನ ಮೇಲೆ ಇರುತ್ತಿರಲಿಲ್ಲ, ನನ್ನ ಒಲೆಯ ಮೇಲೆ ಇರುತ್ತಿತ್ತು. ಪಕ್ಕದವರು ಅವರ ತಾಟಿನ ಪಲ್ಲೆ ಎತ್ತಿಕೊಂಡರೂ ತಿಳಿಯುತ್ತಿರಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಗಂಡ ಸತ್ತು ನಾಲ್ಕು ವರ್ಷವಾಗಿದ್ದ ಹೆಂಗಸು ನಾನು, ವಯಸ್ಸು ಮೂವತ್ತು ದಾಟಿತ್ತು. ಇಳಕಲ್ಲಿನಲ್ಲಿ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಖಾನಾವಳಿ ನಡೆಸುವವಳಿಗೆ ಗಂಡಸರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದು ಬೆನ್ನಿಗೂ ತಿಳಿಯುತ್ತದೆ. ಮೂರನೇ ವಾರ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಅವರ ಮುಂದೆ ನಿಂತೆ.

"ಮಾಸ್ತರ್ರ, ಒಂದ ಮಾತ ಕೇಳ್ತೇನಿ. ನೀವು ದಿನಾ ನೋಡೂದು ನನ್ನನ್ನೋ, ಹಂಚನ್ನೋ?"

ಅವರು ಬಾಯಲ್ಲಿದ್ದ ತುತ್ತು ನುಂಗಿದರು. ಗಾಬರಿಯಾಗಲಿಲ್ಲ.

"ಹಂಚ ನೋಡ್ತೇನ್ರಿ ಅಕ್ಕಾರ" ಅಂದರು.

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಒಲೆಯ ಮುಂದೆ ಕೂತ ಮೇಲೆ ಅಷ್ಟು ನಗು ಬರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಆ ಮಾಸ್ತರರು ಹೋದ ತಿಂಗಳು ಧಾರವಾಡದಲ್ಲಿ ತೀರಿಕೊಂಡರು. ಸುದ್ದಿ ತಂದವಳು ಅವರ ಮಗಳು. ಅವಳಿಗೇ ಈಗ ತಲೆ ಬೆಳ್ಳಗಾಗುತ್ತಿದೆ. ಅಪ್ಪನನ್ನು ಬಲ್ಲವರಿಂದ ನಾಲ್ಕು ನಾಲ್ಕು ಮಾತು ಬರೆಸಿ ಪುಸ್ತಕ ಮಾಡುತ್ತಾಳಂತೆ. ನಾನು ಮೂರನೆಯ ಇಯತ್ತೆ ದಾಟಿದವಳಲ್ಲ, ಅವರ ಕಾಲೇಜಿನವರನ್ನು ಕೇಳು ಅಂದೆ. ಕಾಲೇಜಿನವರು ಬರೆದುಕೊಟ್ಟಿದ್ದಾರೆ, ನೀವು ಬರೆಯಲೇಬೇಕು ಅಂದಳು. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಇನ್ನೊಂದು ಮಾತು ಕೇಳಿದಳು.

"ನಾ ಸಣ್ಣಾಕಿ ಇದ್ದಾಗ ಅಪ್ಪ ತಿಂಗಳಿಗೊಮ್ಮೆ ಬೀಗರು ಬಂದಂಗ ಬಂದ ಹೋಗ್ತಿದ್ರು. ಇನ್ನ ಬರ್ತಾರ, ಬಂದ ಬಿಡ್ತಾರ ಅಂತ ಅವ್ವ ಹೇಳತಿದ್ಲು. ಎರಡ ವರ್ಷ ಹಂಗ ಹೋತು. ಇಳಕಲ್ಲಾಗ ಅವರನ್ನ ಹಿಡಕೊಂಡಿದ್ದು ಏನಂತ ನಿಮಗ ಗೊತ್ತೇನ್ರಿ?"

ಚಹಾ ಕುಡಿದು ಹೋಗು ಅಂದೆ. ಕುಡಿದೇ ಆಗಿತ್ತು. ಅವಳು ಬಸ್ಸಿಗೆ ಹೋದಳು. ಆ ಮಾತಿಗೆ ಉತ್ತರ ನನ್ನ ಹತ್ತಿರ ಇದೆ. ಬಾಯಲ್ಲಿ ಆಡಲಾಗಲಿಲ್ಲ, ಅದಕ್ಕೆ ಬರೆಯುತ್ತೇನೆ. ಮಾಸ್ತರರ ಹೆಸರು ಮಾತ್ರ ಬರೆಯುವುದಿಲ್ಲ. ಅವರು ಇದ್ದಾಗಲೂ ನಾನು ಅವರ ಹೆಸರು ಹಿಡಿದು ಮಾತಾಡಿದವಳಲ್ಲ.

ಅವರು ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಇಸವಿ ಸಾವಿರದ ಒಂಬೈನೂರ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಗ್ಯಾಸು ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ, ಕಟ್ಟಿಗೆಯ ಒಲೆ. ಹೆಂಡತಿ ಧಾರವಾಡದಲ್ಲಿ ಕನ್ನಡ ಸಾಲೆಯಲ್ಲಿ ಕಲಿಸುವ ಬಾಯಿಯವರು, ಮಗಳು ಆಗ ಇನ್ನೂ ತೊದಲು ಮಾತಿನ ಕೂಸು. ಇವರಿಗೆ ನೌಕರಿ ಸಿಕ್ಕಿದ್ದು ಇಲ್ಲಿ. ಬಾಡಿಗೆಗೆ ಒಂದು ಖೋಲಿ, ಎರಡು ಹೊತ್ತು ನನ್ನ ಹತ್ತಿರ ಊಟ. ತೆಳ್ಳಗಿನ ಆಳು. ಅಂಗಿಯ ಬಲ ತೋಳಿನಲ್ಲಿ ಯಾವಾಗಲೂ ಒಂದು ಸುಟ್ಟ ತೂತು. ಯಾರು ಏನು ಹೇಳಿದರೂ "ನೋಡೂಣು" ಅನ್ನುವುದು ಅವರ ಚಾಳಿ. ಮಳೆ ಬರುತ್ತದೆ ಮಾಸ್ತರ್ರ ಅಂದರೆ ನೋಡೂಣು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದರೆ ನೋಡೂಣು. ನಮ್ಮ ಅತ್ತೆ ಅವರಿಗೆ ನೋಡೂಣಪ್ಪ ಎಂದೇ ಹೆಸರಿಟ್ಟಿದ್ದಳು.

ಅವರು ನೋಡುತ್ತಿದ್ದುದು ಏನು ಅಂತ ಹೇಳುತ್ತೇನೆ. ರೊಟ್ಟಿ ಹಾಕುವ ಮೊದಲು ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸುವುದು ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳ ರೂಢಿ. ಹನಿ ಬಿದ್ದಲ್ಲೇ ಹರಡಿ ಚೊಂಯ್ ಅಂದು ಆರಿದರೆ ಹಂಚು ಹದಕ್ಕೆ ಬಂದಿದೆ. ಆರದೆ ಮುತ್ತಿನ ಹಾಗೆ ದುಂಡಗಾಗಿ ಅತ್ತಿತ್ತ ಓಡಿದರೆ ಉರಿ ಮಿತಿಮೀರಿದೆ, ರೊಟ್ಟಿ ಹಾಕಿದರೆ ಕರಿಕಾಗುತ್ತದೆ. ಒಂದು ಕಟ್ಟಿಗೆ ಹಿಂದಕ್ಕೆ ಎಳೆಯಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅವರು ಕೇಳಿದರು.

"ಅಕ್ಕಾರ, ಯಾವ ಹನಿ ಭಾಳ ಹೊತ್ತು ಉಳೀತೈತಿ? ಕಡಿಮಿ ಕಾದ ಹಂಚಿಂದೋ, ಹೆಚ್ಚ ಕಾದ ಹಂಚಿಂದೋ?"

"ಹೆಚ್ಚ ಕಾದದ್ದರ ಮ್ಯಾಲಿಂದು. ಇದೇನ ಕೇಳೂ ಮಾತ? ಓಡೂ ಹನಿ ಒಂದ ರೊಟ್ಟಿ ಬಡಿಯೂತನಕ ಉಳೀತೈತಿ."

"ಕಾಲೇಜಿನ ಹುಡುಗರನ್ನ ಕೇಳಿದ್ನಿ. ಅರವತ್ತ ಮಂದಿಯೊಳಗ ಒಬ್ಬನೂ ಇದನ್ನ ಹೇಳಲಿಲ್ಲ. ಹೆಚ್ಚ ಕಾದ್ರ ಲಗೂ ಆರತೈತಿ ಅಂದ್ರು ಎಲ್ಲಾರು."

"ಅವರ ಪೈಕಿ ಯಾರ ರೊಟ್ಟಿ ಬಡದಾರ?" ಅಂದೆ.

ಅವರು ಅದನ್ನು ಕೇಳಿ ತಾಟಿನ ಮುಂದೆ ಕೂತೇ ನಕ್ಕರು. ಹಲ್ಲು ಕಾಣದ ನಗು, ಭುಜ ಮಾತ್ರ ಅಲುಗಾಡುತ್ತಿತ್ತು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಹೆಚ್ಚು ಕಾದ ಹಂಚಿಗೆ ಹನಿ ಮುಟ್ಟುವುದೇ ಇಲ್ಲವಂತೆ. ತನ್ನದೇ ಉಗಿಯ ಮೇಲೆ ತಾನು ಕೂತಿರುತ್ತದಂತೆ, ನಡುವೆ ಕೂದಲೆಳೆಯಷ್ಟು ಜಾಗ. ಮುಟ್ಟದೆ ಇರುವುದರಿಂದಲೇ ಉಳಿಯುತ್ತದಂತೆ.

ಮಧ್ಯಾಹ್ನ ಎರಡೂವರೆಗೆ ಊಟದವರು ಹೋದ ಮೇಲೆ ಅವರು ಬರಲು ಶುರುಮಾಡಿದರು. ಪೆನ್ನಿಗೆ ಶಾಯಿ ಹಾಕುವ ಗಾಜಿನ ನಳಿಗೆ ಒಂದು, ಆಟದ ಮಾಸ್ತರರಿಂದ ಕಡ ತಂದ ಓಟದ ಗಡಿಯಾರ ಒಂದು, ದೊಡ್ಡ ನೋಟಬುಕ್ಕು ಒಂದು. ನಾನು ಉರಿ ನೋಡಿಕೊಳ್ಳಬೇಕು, ಅವರು ಹನಿ ಬಿಡಬೇಕು. ಬಾಗಿಲು ಎರಡೂ ಕಡೆ ತೆರೆದೇ ಇರುತ್ತಿತ್ತು, ಪಡಸಾಲೆಯಲ್ಲಿ ಅತ್ತೆ ಬಳ್ಳೊಳ್ಳಿ ಸುಲಿಯುತ್ತ ಕೂತಿರುತ್ತಿದ್ದಳು. ಜನ ಮಾತಾಡಿದರು. ಮಾತಾಡಿದವರ ಮುಂದೆಯೇ ಅತ್ತೆ ಹೇಳಿದಳು, "ನೀರ ಹನಿಗೆ ಹುಚ್ಚ ಹಿಡದೈತೋ ಮಾಸ್ತರಗ ಹಿಡದೈತೋ ಅಂತ ನಾ ಕಾಯಾಕತ್ತೇನಿ. ನಿಮಗ ಅನುಮಾನ ಇದ್ರ ಬಂದ ಕುಂದರ್ರಿ, ಬಳ್ಳೊಳ್ಳಿ ಭಾಳ ಅದಾವ." ಯಾರೂ ಬರಲಿಲ್ಲ.

ಅವರ ಹತ್ತಿರ ಇದ್ದ ಕಾವು ಅಳೆಯುವ ಗಾಜಿನ ಕಡ್ಡಿ ನಮ್ಮ ಹಂಚಿನ ಕಾವಿಗೆ ಮೊದಲ ದಿನವೇ ಒಡೆದುಹೋಯಿತು. ಆಮೇಲೆ ಕಾವು ಅಳೆದಿದ್ದು ನನ್ನ ಅಂಗೈ. ಹಂಚಿನ ಮೇಲೆ ಗೇಣೆತ್ತರ ಕೈ ಹಿಡಿದು ಹೇಳುತ್ತಿದ್ದೆ. ಹಾಲಿನ ಉರಿ, ದೋಸೆ ಉರಿ, ರೊಟ್ಟಿ ಉರಿ, ಶೇಂಗಾ ಉರಿ, ಖಾಲಿ ಉರಿ. ಖಾಲಿ ಉರಿ ಅಂದರೆ ಹಂಚಿನ ಮೇಲೆ ಏನೂ ಹಾಕಲಾಗದಂಥದ್ದು. ಅವರು ಅದನ್ನು ಹಾಗೆಯೇ ಬರೆದುಕೊಂಡರು. ಒಂದು ದಿನ ಆ ನೋಟಬುಕ್ಕು ತೋರಿಸಿರಿ ಅಂದೆ. ಹಾಳೆ ತುಂಬ ಇಂಗ್ಲಿಷು, ಗೀಟು, ಅಂಕಿ. ನಡುನಡುವೆ ಕನ್ನಡದಲ್ಲಿ ರೊಟ್ಟಿ ಉರಿ, ಖಾಲಿ ಉರಿ. ಅಷ್ಟು ದೊಡ್ಡ ಪುಸ್ತಕದಲ್ಲಿ ನನಗೆ ಓದಲು ಬರುತ್ತಿದ್ದುದು ನನ್ನ ಮಾತು ಮಾತ್ರ. ಮುಂದೆ ಧಾರವಾಡದಿಂದ ತಂತಿಯ ಯಂತ್ರ ತಂದು ಅಳೆದು ನೋಡಿದರು. "ನಿಮ್ಮ ಕೈ ಸುಳ್ಳ ಹೇಳೂದಿಲ್ಲರಿ ಅಕ್ಕಾರ" ಅಂದರು. ಕೈಯ ಬಗ್ಗೆ ಹೇಳಿದ್ದು ಖರೆ. ಬಾಯಿಯ ಬಗ್ಗೆ ಆಮೇಲೆ ಬರೆಯುತ್ತೇನೆ.

ಖಾಲಿ ಉರಿಯಲ್ಲಿ ದೊಡ್ಡ ಹನಿ ಬಿಟ್ಟರೆ ಅದು ಸುಮ್ಮನೆ ಓಡುವುದಿಲ್ಲ. ಅಂಚು ನಡುಗಲು ಶುರುವಾಗಿ ಹೂವಾಗುತ್ತದೆ. ಮೂರು ಎಸಳು, ನಾಲ್ಕು ಎಸಳು, ಐದು. ಒಂದು ಗಳಿಗೆ ಅರಳುತ್ತದೆ, ಮತ್ತೆ ದುಂಡಗಾಗುತ್ತದೆ. ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೆ, ಎಣಿಸಿರಲಿಲ್ಲ. ಅವರು ಎಣಿಸಲು ಕಲಿಸಿದರು. ಎಸಳು ಎಷ್ಟು ಅಂತ ನಾನು ಕೂಗಬೇಕು, ಅವರು ಬರೆಯಬೇಕು. ಒಣ ಹಿಟ್ಟಿನ ಕಣ ಒಂದು ಚಿಟಿಕೆ ಹನಿಗೆ ಅಂಟಿದರೆ ಹೂ ಅರಳುವುದೇ ಇಲ್ಲ, ಮೈಗೆ ಹಿಟ್ಟು ಮೆತ್ತಿಕೊಂಡು ಮುದುಕಿಯ ಹಾಗೆ ಉರುಳಾಡುತ್ತದೆ. ಅದನ್ನೂ ಬರೆದರು.

"ಸ್ವಲ್ಪ ಉರಿ ಹೆಚ್ಚಿದ್ರ ಸ್ವಲ್ಪ ಫರಕ ಆಗಬೇಕು ಹೌದಲ್ರಿ?" ಅಂತ ಒಂದು ದಿನ ತಲೆ ಕೆರೆದುಕೊಂಡರು. "ಹಂಗ ಆಗವಲ್ದು. ಎಷ್ಟ ಉರಿ ಹಾಕಿದ್ರೂ ಹನಿ ಸುಮ್ನ ಕುಂತಿರತೈತಿ. ಆಮ್ಯಾಲ ಒಂದ ಕಡ್ಡಿ ಹೆಚ್ಚಿಗಿ ಇಟ್ರ ಸಾಕು, ಎಲ್ಲಾ ಬದಲ."

"ನಮ್ಮ ಅತ್ತಿ ಸಿಟ್ಟ ಇದ್ದಂಗ" ಅಂದೆ.

"ಕೇಳಸ್ತು" ಅಂದಳು ಪಡಸಾಲೆಯಿಂದ ಅತ್ತೆ.

ನನ್ನ ತವರು ಕೆರೂರು. ಹುಡುಗಿಯಿದ್ದಾಗ ಬಾದಾಮಿಯಲ್ಲಿದ್ದ ಅಜ್ಜಿಯ ಮನೆಗೆ ಹೋದರೆ ಅಲ್ಲಿಯ ಹೊಂಡಕ್ಕೆ ಅರಿವೆ ಒಗೆಯಲು ಅವ್ವನ ಜೊತೆ ಹೋಗುತ್ತಿದ್ದೆ. ಅಲ್ಲಿ ನೀರಿನ ಮೇಲೂ ಹನಿ ಓಡುತ್ತವೆ, ನೀರೇ ಆದರೂ ನೀರಿನಲ್ಲಿ ಮುಳುಗುವುದಿಲ್ಲ ಅಂತ ಮಾತಿಗೆ ಬಂದಾಗ ಹೇಳಿದೆ. ಅವರು ನಂಬಲಿಲ್ಲ. ನೋಡೂಣು ಅಂದರು. ಅತ್ತೆಗೆ ಬನಶಂಕರಿಗೆ ಹೋಗುವ ಹರಕೆ ಇತ್ತು, ಅದೇ ಬಸ್ಸಿಗೆ ಅವರೂ ಬಂದರು. ನಾವು ದೇವಿಗೆ ಹಣ್ಣುಕಾಯಿ ಮಾಡಿಸಿ ಬಾದಾಮಿ ಊರೊಳಗಿನ ಹೊಂಡಕ್ಕೆ ಬರುವಷ್ಟರಲ್ಲಿ ಮಾಸ್ತರರು ಕಟ್ಟಕಡೆಯ ಮೆಟ್ಟಿಲ ಪಾವಟಿಗೆಯ ಮೇಲೆ ಬೋರಲು ಮಲಗಿ ಗದ್ದವನ್ನು ನೀರಿಗೆ ತಾಗಿಸಿದ್ದರು. ಮಗ್ಗುಲಲ್ಲಿ ಒಬ್ಬಳು ಹೆಂಗಸು ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಏ ಯಪ್ಪಾ, ಏಳ ಮ್ಯಾಲ. ಅರಿವಿ ಒಗಿಯೂ ಕಲ್ಲಿದು."

"ಒಂದೀಟ ನಿಂದರ ಅವ್ವಾ, ಹನಿ ಓಡಾಕತ್ತಾವ."

"ಓಡಿದ್ರ ಓಡವಲ್ಲವ್ಯಾಕ. ನಿಮ್ಮ ಮನಿ ದನಾ ಏನ ಅವು, ತಪ್ಪಿಸಿಕೊಳ್ಳಾಕ?"

ಅವಳು ಸೀರೆ ಬಡಿದಳು. ಸೋಪಿನ ನೀರು ಸಿಡಿದು ಹೊಂಡದ ಮೇಲೆ ಬಿತ್ತು. ಹತ್ತಾರು ಹನಿ ಗುಂಡಗೆ ನೀರಿನ ಮೇಲೆ ಜಾರುತ್ತ ಹೋದವು. ಒಂದು ಹನಿ ಗುಳ್ಳೆಗೆ ಬಡಿದು ತಿರುಗಿ ಮತ್ತೊಂದು ದಿಕ್ಕಿಗೆ ಹೋಯಿತು. ಮಾಸ್ತರರು ತಲೆ ಎತ್ತದೆ, "ಇನ್ನೊಮ್ಮೆ ಬಡೀರಿ ಅವ್ವಾ" ಅಂದರು. ಅವಳು ನನ್ನ ಕಡೆ ನೋಡಿ, "ನಿಮ್ಮವರೇನ?" ಅಂತ ಕೇಳಿದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅತ್ತೆಯೇ, "ಅಲ್ಲವ್ವಾ, ಊಟಕ್ಕ ಬರೂ ಮಾಸ್ತರ" ಅಂದಳು. ಅಂದವಳು ನನ್ನ ಮುಖ ನೋಡಿದಳು.

ಈಗ ಆ ದಿನದ ಮಾತು.

ಅವರು ಬರೆದದ್ದನ್ನೆಲ್ಲ ಧಾರವಾಡದ ದೊಡ್ಡ ಸರ್ ಒಬ್ಬರಿಗೆ ಕಳಿಸಿದ್ದರು. ಹಳ್ಳಿಯ ಒಲೆಯ ಮೇಲೆ ಮಾಡಿದ್ದು ಅಂತ ಅವರಿಗೆ ನಂಬಿಕೆ ಬರಲಿಲ್ಲ. ಕಣ್ಣಾರೆ ನೋಡುತ್ತೇನೆ, ಖರೆ ಇದ್ದರೆ ನನ್ನ ಕೈಕೆಳಗೆ ಜಾಗ ಕೊಡುತ್ತೇನೆ ಅಂತ ಕಾಗದ ಹಾಕಿದರು. ಜಾಗ ಸಿಕ್ಕರೆ ಮಾಸ್ತರರು ಹೆಂಡತಿ ಮಗಳ ಜೊತೆ ಇರಬಹುದು. ಕಾಗದ ಓದಿ ಹೇಳುವಾಗ ಅವರ ಧ್ವನಿ ಸಣ್ಣಗಾಗಿತ್ತು. "ಕೂಸು ನನ್ನ ನೋಡಿದ್ರ ಅಳತೈತ್ರಿ ಅಕ್ಕಾರ. ಗುರ್ತ ಸಿಗೂದಿಲ್ಲ ಅದಕ್ಕ" ಅಂದರು. ಛಲೋ ಆತು ಬಿಡ್ರಿ, ಹೋಗ್ರಿ ಅಂದೆ. ಬಾಯಿಂದ ಅಂದೆ.

ರೊಟ್ಟಿಯ ಕಬ್ಬಿಣದ ಹಂಚನ್ನು ನಾವು ದಿನಾ ತೊಳೆಯುವುದಿಲ್ಲ, ಅರಿವೆಯಿಂದ ಒರೆಸುತ್ತೇವೆ. ಆದರೆ ದೊಡ್ಡವರು ಊಟಕ್ಕೆ ಬರುವ ಮುಂದೆ, ಮನೆಗೆ ಜಂಗಮರನ್ನು ಕರೆದಾಗ, ಒಲೆಯ ಮೇಲಿನ ಒಂದೊಂದು ಸಾಮಾನನ್ನೂ ತಿಕ್ಕಿ ಬೆಳಗುವುದು ನಮ್ಮ ಮನೆತನದ ಪದ್ಧತಿ. ಕರೀ ಹಂಚಿನ ಮೇಲೆ ದೊಡ್ಡವರಿಗೆ ರೊಟ್ಟಿ ಮಾಡಿದರೆ ಮನೆಯ ಮಾನ ಹೋಗುತ್ತದೆ. ಧಾರವಾಡದಿಂದ ಅಷ್ಟು ದೊಡ್ಡವರು ಬರುತ್ತಾರೆ. ಹಿಂದಿನ ದಿನ ನಾನು ಹಂಚು ಇಳಿಸಿ ಇಟ್ಟಂಗಿ ಪುಡಿ, ಬೂದಿ, ತೆಂಗಿನ ನಾರು ಹಿಡಿದು ಕೂತೆ. ಹನ್ನೆರಡು ವರ್ಷದಿಂದ ಅಂಥ ದೊಡ್ಡವರು ಯಾರೂ ಬಂದಿರಲಿಲ್ಲ, ಅಷ್ಟು ವರ್ಷದ ಕಪ್ಪು ಅದು. ತೋಳು ಬಿದ್ದುಹೋಗುವ ಹಾಗೆ ತಿಕ್ಕಿದೆ. ಹಂಚು ಬೆಳ್ಳಗೆ ಹೊಳೆಯಿತು. ಇದರಲ್ಲಿ ನನ್ನ ಕಪಟವಿಲ್ಲ. ಖರೆ ಹೇಳುತ್ತೇನೆ, ತಿಕ್ಕಿದ್ದು ಅವರ ಮಾನಕ್ಕಾಗಿ.

ದೊಡ್ಡ ಸರ್ ಬರುವ ಬಸ್ಸು ಕುಳಗೇರಿ ಕ್ರಾಸಿನಲ್ಲಿ ಕೆಟ್ಟು, ಅವರು ಬೇರೆ ಬಸ್ಸು ಹಿಡಿದು ಮುಖ ತುಂಬ ಧೂಳು ಮಾಡಿಕೊಂಡು ಮೂರು ಗಂಟೆಗೆ ಬಂದರು. ಮಾಸ್ತರರು ಒಳಗೆ ಬಂದು ಹಂಚು ನೋಡಿದರು. ಸತ್ತವರ ಮನೆಯಲ್ಲಿ ಬಾಗಿಲು ತೆರೆದವರ ಮುಖ ಹೇಗಿರುತ್ತದೋ ಹಾಗಾಯಿತು ಅವರ ಮುಖ. ಕೂತು ಹನಿ ಬಿಟ್ಟರು.

ಹನಿ ಓಡಲಿಲ್ಲ. ಬಿದ್ದಲ್ಲೇ ಕಚ್ಚಿಕೊಂಡು ಚೊಂಯ್ ಅಂದು ಸತ್ತಿತು. ಇನ್ನೂ ಉರಿ ಹಾಕಿದೆ. ಹನಿ ಪಟ್ ಅಂತ ಸಿಡಿಯಿತು. ಮತ್ತೂ ಉರಿ ಹಾಕಿದೆ. ಸಿಡಿದ ಹನಿ ದೊಡ್ಡ ಸರ್ ಅವರ ಕಣ್ಣಿನ ಚಾಳೀಸಿಗೆ ಬಡಿಯಿತು. ಹೂವಿಲ್ಲ, ಎಸಳಿಲ್ಲ. ತಿಕ್ಕಿದ ಗೀರುಗಳು ಹನಿಯ ಹೊಟ್ಟೆಗೆ ಚುಚ್ಚುತ್ತವೆ, ಉಗಿಯ ಹಾಸಿಗೆ ನಿಲ್ಲುವುದಿಲ್ಲ ಅಂತ ಮಾಸ್ತರರು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಆಗ ಮಾತ್ರ ಅವರು, "ಇವತ್ತ ಹಂಚು ಬ್ಯಾರೆ ಆಗೇತ್ರಿ ಸರ್" ಅಂತ ಅಷ್ಟೇ ಅಂದರು. ಯಾರು ತಿಕ್ಕಿದರು ಅಂತ ಅನ್ನಲಿಲ್ಲ.

"ಅದ ಹಂಚು, ಅದ ಒಲಿ, ಅದ ನೀರು. ಇವತ್ತ ಆಗಲಾರದ್ದು ನಿನ್ನೆ ಹೆಂಗ ಆಗಿತ್ತಪ್ಪಾ?" ಅಂತ ದೊಡ್ಡ ಸರ್ ಚಾಳೀಸು ಒರೆಸಿಕೊಂಡು ಹಿತ್ತಿಲಿಗೆ ಮುಖ ತೊಳೆಯಲು ಹೋದರು.

ಆಗ ಅತ್ತೆ ಹೇಳಿದಳು, "ಅಟ್ಟದ ಮ್ಯಾಲ ನಂದ ಹಳೇ ಹಂಚೈತಲ್ಲ. ಇದಕ್ಕಿಂತಾ ಕರ್ರಗ ಐತಿ. ಇಳಸ."

ಮಾಸ್ತರರು ಥಟ್ಟನೆ ನನ್ನ ಕಡೆ ತಿರುಗಿದರು. ಅವರು ನನ್ನನ್ನು ಅಷ್ಟು ನೆಟ್ಟಗೆ ನೋಡಿದ್ದು ಅದೇ ಮೊದಲು. ಎಷ್ಟೋ ಮಧ್ಯಾಹ್ನ ಎದುರುಬದುರು ಕೂತಿದ್ದೆವು, ನಡುವೆ ಯಾವಾಗಲೂ ಹಂಚು ಇರುತ್ತಿತ್ತು.

"ಇನ್ನೊಂದ ಹಂಚೈತೇನ್ರಿ ಅಕ್ಕಾರ?"

ಆ ಹಂಚು ಇತ್ತು. ಕುಸುಬಿ ಎಣ್ಣೆ ಸವರಿ, ಚೀಲದಲ್ಲಿ ಸುತ್ತಿ ಇಟ್ಟಿದ್ದೆ. ಅದನ್ನು ಇಳಿಸಿದರೆ ಹನಿ ಓಡುತ್ತದೆ. ಹನಿ ಓಡಿದರೆ ಇವರು ಹೋಗುತ್ತಾರೆ. ಇಷ್ಟು ಲೆಕ್ಕಕ್ಕೆ ಮೂರನೆಯ ಇಯತ್ತೆ ಸಾಕು.

"ಅದು ಸೀಳ ಬಿಟ್ಟೈತ್ರಿ" ಅಂದೆ.

ಅತ್ತೆಯ ಕೈಯಲ್ಲಿದ್ದ ಚರಿಗೆ ಅಲ್ಲೇ ನಿಂತಿತು. ಅದು ಅವಳ ಹಂಚು, ಸೀಳಿಲ್ಲ ಅಂತ ಅವಳಿಗೆ ಗೊತ್ತು. ನನ್ನನ್ನು ನೋಡಿದಳು, ಮಾಸ್ತರರನ್ನು ನೋಡಿದಳು, ನೀರು ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಸಾಯುವ ತನಕ ಆ ಮಾತು ಎತ್ತಲಿಲ್ಲ. ಸೊಸೆಯ ಬಾಯಿಗೆ ಅಷ್ಟು ಬಯ್ದವಳು ಅದೊಂದಕ್ಕೆ ಬಯ್ಯಲಿಲ್ಲ. ಅವಳೂ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು.

ದೊಡ್ಡ ಸರ್ ಬೆಳ್ಳಗಿನ ಹಂಚಿನ ಮೇಲೆ ಮಾಡಿದ ಐದು ರೊಟ್ಟಿ ಉಂಡರು. "ರೊಟ್ಟಿ ಭಾಳ ಛಲೋ ಮಾಡ್ತಿ ತಂಗಿ. ಹನಿ ನಿಮ್ಮ ಮಾಸ್ತರಗ ಬಿಟ್ಟ ಬಿಡು" ಅಂತ ನಕ್ಕು ಸಂಜೆ ಬಸ್ಸಿಗೆ ಹೋದರು.

ಮಾಸ್ತರರು ಮರುದಿನ ಬರುವುದಿಲ್ಲ ಅಂದುಕೊಂಡೆ. ಎರಡೂವರೆಗೆ ಸರಿಯಾಗಿ ಬಂದರು. ಹೊಸ ನೋಟಬುಕ್ಕು ತಂದಿದ್ದರು.

"ಅಕ್ಕಾರ, ಹಂಚ ಮತ್ತ ಕರ್ರಗ ಆಗೂತನಕ ದಿನಾ ನೋಡೂಣು. ಹನಿ ಯಾವತ್ತಿಂದ ಓಡತೈತಿ ಅಂತ ಬರಿಯೂಣು. ಇದನ್ನ ಯಾರೂ ನೋಡಿರಾಕಿಲ್ಲ."

ನಾನು ಮಾಡಿದ ತಪ್ಪನ್ನು ಅವರು ಕೆಲಸ ಮಾಡಿಕೊಂಡರು. ಅದೇ ಅವರ ಗುಣ. ಕೆಟ್ಟದ್ದನ್ನು ಬಯ್ಯುತ್ತ ಕೂಡುವುದು ಅವರಿಗೆ ಬರುತ್ತಿರಲಿಲ್ಲ, ಅದರೊಳಗೆ ಏನಿದೆ ಅಂತ ಬಗ್ಗಿ ನೋಡುತ್ತಿದ್ದರು. ಬಯ್ದಿದ್ದರೆ ಅವತ್ತೇ ಅಟ್ಟ ಹತ್ತಿ ಹಂಚು ಇಳಿಸುತ್ತಿದ್ದೆನೋ ಏನೋ. ಬಯ್ಯಲಿಲ್ಲ, ಇಳಿಸಲಿಲ್ಲ.

ದಿನಾ ಹಂಚಿನ ಮೇಲೆ ಎಷ್ಟು ರೊಟ್ಟಿಯಾದವು ಅಂತ ನಾನು ಜೋಳದ ಕಾಳು ಡಬ್ಬಿಗೆ ಹಾಕುತ್ತಿದ್ದೆ, ಅವರು ಬಂದು ಎಣಿಸುತ್ತಿದ್ದರು. ವಾರಕ್ಕೊಮ್ಮೆ ಕುಸುಬಿ ಎಣ್ಣೆ ಸವರಿ ಖಾಲಿ ಉರಿಯಲ್ಲಿ ಸುಡುತ್ತಿದ್ದೆ. ತಿಂಗಳುಗಟ್ಟಲೆ ಏನೂ ಇಲ್ಲ. ಹನಿ ಬಿದ್ದಲ್ಲೇ ಸಾಯುತ್ತಿತ್ತು. ದಿನಕ್ಕೆ ಒಂದಿಷ್ಟು ಕಪ್ಪು ಹೆಚ್ಚುತ್ತದೆ, ಹನಿಯೂ ದಿನಕ್ಕೆ ಒಂದಿಷ್ಟು ಹೆಚ್ಚು ಓಡಬೇಕು ಅಂತ ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಒಂದು ಬುಧವಾರ ನಿನ್ನೆಯ ಹಾಗೆಯೇ ಇದ್ದ ಹಂಚಿನ ಮೇಲೆ ಹನಿ ಬಿಟ್ಟರು. ಒಂದು ಓಡಿತು, ಎರಡು ಓಡಿತು, ಬಿಟ್ಟದ್ದೆಲ್ಲ ಓಡಿದವು. ದೊಡ್ಡದೊಂದು ಹೂವಾಯಿತು.

"ಎಷ್ಟ್ರಿ?" ಅಂದರು. ಗಡಿಯಾರ ಒತ್ತುವುದನ್ನೂ ಮರೆತಿದ್ದರು.

"ಐದು" ಅಂದೆ.

ಅವರು ಎದ್ದು ನಿಂತರು. ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿ ಮತ್ತೆ ಬಂದು ಕೂತರು. ಕಣ್ಣಲ್ಲಿ ನೀರು ಬಂದಿತ್ತು, ಹೊಗೆ ಅಂತ ಒರೆಸಿಕೊಂಡರು. ಆ ಹೊತ್ತು ನಾನು ಬದುಕಿನಲ್ಲಿ ಕಂಡ ಸುಖ. ಬೇರೆ ಸುಖ ಇಲ್ಲ ಅಂತಲ್ಲ, ಅದರಷ್ಟು ಯಾವುದೂ ಇಲ್ಲ.

ಆಮೇಲೆ ಅವರು ಕಮ್ಮಾರನ ಹತ್ತಿರ ಕಬ್ಬಿಣದ ಸಣ್ಣ ಬಿಲ್ಲೆಗಳನ್ನು ಮಾಡಿಸಿ ತಂದರು. ನಾನು ಅವನ್ನು ಒಂದೊಂದು ಹದಕ್ಕೆ ಕಪ್ಪು ಮಾಡಿಕೊಟ್ಟೆ. ಈ ಸಲ ದೊಡ್ಡ ಸರ್ ಬರಲಿಲ್ಲ, ಇವರೇ ಬಿಲ್ಲೆಗಳನ್ನು ಹೊತ್ತುಕೊಂಡು ಧಾರವಾಡಕ್ಕೆ ಹೋದರು. ಅಲ್ಲಿ ಹನಿ ಓಡಿದವು. ಜಾಗ ಸಿಕ್ಕಿತು. ಎರಡು ವರ್ಷ ತಡವಾಗಿ ಸಿಕ್ಕಿತು.

ಹೋಗುವ ದಿನ ಹಾಸಿಗೆಯ ಸುರುಳಿ ಬಸ್ಸಿನ ಮೇಲೆ ಹಾಕಿಸಿ ಬಾಗಿಲಿಗೆ ಬಂದರು. ಈ ಹಂಚು ಕೊಡುತ್ತೀರಾ ಅಂತ ಕೇಳಿದರು, ಬೇಕಾದರೆ ಹೊಸದು ತಂದುಕೊಡುತ್ತೇನೆ ಅಂದರು. ಮಧ್ಯಾಹ್ನದ ಊಟಕ್ಕೆ ರೊಟ್ಟಿ ಯಾವುದರ ಮೇಲೆ ಬೇಯಿಸಲಿ ಅಂದೆ. ಆದರೆ ಖಾಲಿ ಕೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ನಿಚ್ಚಣಿಕೆ ಇಟ್ಟು ಅಟ್ಟ ಹತ್ತಿದೆ. ಚೀಲ ಬಿಚ್ಚಿ ಅತ್ತೆಯ ಹಂಚು ಅವರ ಕೈಯಲ್ಲಿ ಕೊಟ್ಟೆ. ಕೊಡುವಾಗ ಏನು ಕೊಡುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು.

ಅವರು ಅದನ್ನು ತಿರುಗಿಸಿ ನೋಡಿದರು. ಬೆರಳು ಮಡಚಿ ಬಡಿದರು. ಸೀಳಿದ ಹಂಚು ಬದ್ ಅನ್ನುತ್ತದೆ. ಇದು ಗಂಟೆಯ ಹಾಗೆ ನುಡಿಯಿತು.

"ಸೀಳಿಲ್ಲಲ್ರಿ" ಅಂದರು.

"ಇಲ್ರಿ."

"ಆವತ್ತ?"

"ಆವತ್ತೂ ಇದ್ದಿಲ್ಲ."

ಕಂಡಕ್ಟರ್ ಸೀಟಿ ಊದಿದ. ಅವರು ಹಂಚನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದರು. ಬಯ್ಯಲಿ ಅಂತ ಕಾದೆ. ಇಷ್ಟು ದಿನ ಬೈಗುಳಕ್ಕೆ ಕಾಯ್ದವಳ ಹಾಗೆ ಕಾದೆ.

"ಮಗಳು ಸಾಲಿಗೆ ಹೊಂಟಾಳ್ರಿ ಈಗ" ಅಂದರು. ಅಷ್ಟೇ ಅಂದರು. ಹೆಗಲ ಮೇಲಿನ ಟವೆಲಿನಲ್ಲಿ ಹಂಚು ಸುತ್ತಿಕೊಂಡು ಬಸ್ಸು ಹತ್ತಿದರು. ಬಸ್ಸು ಹುನಗುಂದದ ಹಾದಿ ಹಿಡಿಯಿತು. ಅತ್ತೆ ಒಳಗಿನಿಂದ, "ನಿಂತಕೊಂಡ ಏನ ಮಾಡ್ತಿ, ಎಸರ ಕುದ್ದ ಇಂಗೇತಿ ನೋಡ" ಅಂದಳು. ಹೋಗಿ ಹಿಟ್ಟು ನಾದಿದೆ.

ಅವರು ಕಾಗದ ಬರೆಯಲಿಲ್ಲ. ಬರೆದರೂ ಏನು ಬರೆಯಬೇಕು. ಅವರ ಮಗಳು ಮೊನ್ನೆ ಬಂದಾಗ ಇನ್ನೊಂದು ಮಾತು ಹೇಳಿದಳು. ಇಳಕಲ್ಲಿನ ಅಕ್ಕ ಕೊಟ್ಟದ್ದು ಅಂತ ಹೇಳಿ ಹಂಚನ್ನು ಹೆಂಡತಿಯ ಕೈಗೆ ಕೊಟ್ಟಿದ್ದರಂತೆ. ಬೇರೇನೂ ಹೇಳಲಿಲ್ಲವಂತೆ, ಯಾವತ್ತೂ.

ಖಾನಾವಳಿ ಮುಂದೆಯೂ ಬಹಳ ವರ್ಷ ನಡೆಯಿತು. ಕಲ್ಲಿನ ಖಣಿಯವರು, ಸೀರೆ ವ್ಯಾಪಾರದವರು, ಕಚೇರಿಯವರು ಸಾವಿರ ಮಂದಿ ಉಂಡರು. ರೊಟ್ಟಿ ಛಲೋ ಅದಾವ ಅಂದವರು ಬಹಳ. ಉರಿ ಎಷ್ಟು ನಮೂನೆ ಅಂತ ಕೇಳಿದವರು ಒಬ್ಬರೂ ಇಲ್ಲ. ಅವರು ಬರುವ ಮೊದಲು ಹನಿ ನನಗೆ ಬರೀ ಹನಿ ಆಗಿತ್ತು, ಯಾರೂ ಕೇಳದೆ ಇದ್ದದ್ದು ಬಾಧಿಸುತ್ತಿರಲಿಲ್ಲ. ಅವರು ನೋಡಲು ಕಲಿಸಿ ಹೋದರು. ಹೂ ಅರಳಿದಾಗಲೆಲ್ಲ ನಾಲ್ಕು, ಐದು ಅಂತ ಬಾಯಿಗೆ ಬರುತ್ತಿತ್ತು. ಬರೆದುಕೊಳ್ಳುವವರು ಇರಲಿಲ್ಲ. ಮಧ್ಯಾಹ್ನ ಎರಡೂವರೆ ಅನ್ನುವ ಹೊತ್ತು ಅಷ್ಟು ಉದ್ದ ಇರುತ್ತದೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಮಗಳೇ, ನೀ ಕೇಳಿದ್ದಕ್ಕೆ ಇದು ಉತ್ತರ. ನಿಮ್ಮ ಅಪ್ಪನನ್ನು ಇಳಕಲ್ಲು ಹಿಡಿದುಕೊಳ್ಳಲಿಲ್ಲ, ನಾನು ಹಿಡಿದುಕೊಂಡೆ. ಅವರ ಕಡೆಯಿಂದ ಒಂದು ಕೂದಲಿನಷ್ಟೂ ತಪ್ಪಿಲ್ಲ, ಅವರು ಹಂಚನ್ನೇ ನೋಡುತ್ತಿದ್ದರು. ನೀ ಅತ್ತ ಎರಡು ವರ್ಷವನ್ನು ನಾನು ಉಂಡೆ. ತಿರುಗಿ ಕೊಡಲು ಬರುವುದಿಲ್ಲ. ಇದನ್ನು ನಿನ್ನ ಪುಸ್ತಕದಲ್ಲಿ ಹಾಕು, ಹರಿದು ಒಲೆಗೆ ಹಾಕು, ನನಗೆ ಎರಡೂ ಒಂದೇ. ತಪ್ಪಾಯಿತು ಅಂತ ಬರೆಯಬೇಕು ಅಂತ ಮೂರು ದಿನ ಪೆನ್ನು ಹಿಡಿದು ಕೂತೆ, ಬರೆಯಲಾಗಲಿಲ್ಲ. ಆ ಮಧ್ಯಾಹ್ನ ಇನ್ನೊಮ್ಮೆ ಬಂದರೂ ನಾನು ಅಟ್ಟ ಹತ್ತುವವಳಲ್ಲ.